ಎಗ್ ಫ್ರೀಜಿಂಗ್ ಮಾಡಿಸುವ ಮೊದಲು ಇಷ್ಟು ತಿಳಿದಿರಲಿ

ಎಗ್ ಫ್ರೀಜಿಂಗ್ ಎಂದರೆ ಅಂಡಾಣುಗಳನ್ನು ಹೊರತೆಗೆದು, ಮುಂದೆ ಬಳಸಲೆಂದು ಹೆಪ್ಪುಗಟ್ಟಿಸಿ ಇಡುವುದು. ಇದರಲ್ಲಿ ಕೆಡುವ ಕೆಲಸ ಹೆಚ್ಚಾಗಿ ಮನೆಯಲ್ಲೇ ಕೆಡುತ್ತದೆ. ಫ್ರೀಜರಿಗೆ ತಾಗಿ ಗಟ್ಟಿಯಾದ ಔಷಧ, ಮದುವೆ ಮನೆಯ ಗದ್ದಲದಲ್ಲಿ ತಡವಾದ ಸೂಜಿ, ನಾಚಿಕೆಯಿಂದ ಡಾಕ್ಟರ ಹತ್ತಿರ ಹೇಳದೆ ಉಳಿಸಿಕೊಂಡ ಮಾತು. ಮಂಗಳೂರಿನಲ್ಲಿ ಬಂಜೆತನ ಚಿಕಿತ್ಸೆಯ ವಿಭಾಗದಲ್ಲಿ ನರ್ಸ್ ಆಗಿ, ಮನೆಯಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುವುದು ಹೇಗೆ ಎಂದು ಹೇಳಿಕೊಡುವ ಕೆಲಸ ಮಾಡಿದವಳು ನಾನು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ದುಬೈಯಿಂದ ರಜೆ ಹಾಕಿ ಬಂದ ಹುಡುಗಿಯರು ಇಂಥ ಸಣ್ಣ ವಿಷಯಕ್ಕೆ ಅಷ್ಟು ದುಡ್ಡು ಕಳೆದುಕೊಂಡು ಅಳುವುದನ್ನು ನೋಡಿದ್ದೇನೆ. ಆದ್ದರಿಂದ ಸುಲಭದ ಹಂತಗಳನ್ನು ಬೇಗ ಮುಗಿಸಿ, ಕೈಕೊಡುವ ಹಂತವನ್ನೇ ಉದ್ದಕ್ಕೆ ಬರೆಯುತ್ತೇನೆ.

1. ನಿಮಗೆ ಇದು ಬೇಕಾ?

ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತದೆ. ಆಮೇಲೆ ಹೊಸತು ಹುಟ್ಟುವುದಿಲ್ಲ. 35 ದಾಟಿದ ಮೇಲೆ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುತ್ತವೆ. ಫ್ರೀಜ್ ಮಾಡಿದ ಅಂಡಾಣುವಿಗೆ ಮಾತ್ರ ತೆಗೆದ ದಿನದ ವಯಸ್ಸೇ ಉಳಿಯುತ್ತದೆ. ಇಷ್ಟೇ ಇದರ ಲಾಭ.

ಆದರೆ ಇದು ಮಗುವಿನ ಗ್ಯಾರಂಟಿ ಅಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಒಂದು ಲೆಕ್ಕ ಹಾಕಿದರು. ಒಂದಾದರೂ ಮಗು ಹುಟ್ಟುವ ಸಾಧ್ಯತೆ ಶೇ 75ರಷ್ಟು ಇರಬೇಕಾದರೆ 34ರ ವಯಸ್ಸಿನಲ್ಲಿ ಸುಮಾರು 10 ಬಲಿತ ಅಂಡಾಣು ಬೇಕು, 37ರಲ್ಲಿ 20, 42ರಲ್ಲಿ 61. ಇಂಜೆಕ್ಷನ್ ಶುರುವಾಗಿ ಅಂಡಾಣು ತೆಗೆಯುವವರೆಗಿನದು ಒಂದು ಸುತ್ತು. ಆ ವಯಸ್ಸಿನಲ್ಲಿ ಒಂದು ಸುತ್ತಿನಲ್ಲಿ 61 ಸಿಗುವುದಿಲ್ಲವೆಂದೇ ಹೇಳಬೇಕು. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಮಾಡಿಸುವುದಾದರೆ 35ರೊಳಗೆ ಮಾಡಿಸಿ. 40 ದಾಟಿದವರಿಗೆ ಈ ಲೆಕ್ಕ ಹೇಳದೆ ಪ್ಯಾಕೇಜ್ ರೇಟ್ ಮಾತ್ರ ಹೇಳುವ ಕಡೆ ಕೂರಲೇಬೇಡಿ, ಎದ್ದು ಬನ್ನಿ.

ವಯಸ್ಸು ಎಷ್ಟೇ ಇರಲಿ, ತಕ್ಷಣ ಕೇಳಲೇಬೇಕಾದವರು ಇಬ್ಬರು. ಕ್ಯಾನ್ಸರಿಗೆ ಕೀಮೋ ಶುರುವಾಗಲಿರುವ ಹುಡುಗಿ ಮತ್ತು ಅಂಡಾಶಯದ ಚಾಕೊಲೇಟ್ ಸಿಸ್ಟಿಗೆ (ಹಳೆಯ ರಕ್ತ ತುಂಬಿದ ಗಂಟು) ಆಪರೇಷನ್ ಆಗಲಿರುವ ಹುಡುಗಿ. ಕೀಮೋದಿಂದಲೂ ಆ ಆಪರೇಷನ್ನಿನಿಂದಲೂ ಅಂಡಾಣು ಕಡಿಮೆಯಾಗಬಹುದು. ಇಂಜೆಕ್ಷನ್ ಸಾಮಾನ್ಯವಾಗಿ ಮುಟ್ಟಿನ ಎರಡನೇ ದಿನ ಶುರುವಾಗುವುದು, ಆದರೆ ಕ್ಯಾನ್ಸರ್ ಇರುವವರು ಅದಕ್ಕೆ ಕಾಯಬೇಕೆಂದಿಲ್ಲ. ತಿಂಗಳ ಯಾವ ದಿನವಾದರೂ ಶುರು ಮಾಡಿ ಸುಮಾರು ಎರಡು ವಾರದಲ್ಲಿ ಮುಗಿಸುವ ದಾರಿ ಉಂಟು. ಕಾಸರಗೋಡು, ಕೊಡಗು, ಕಾರವಾರದ ಕಡೆಯಿಂದೆಲ್ಲ ಕ್ಯಾನ್ಸರ್ ಚಿಕಿತ್ಸೆಗೆ ಮಂಗಳೂರು, ಮಣಿಪಾಲಕ್ಕೆ ಬರುತ್ತಾರೆ. ಡಾಕ್ಟರ್ ಹೇಳಲಿ ಎಂದು ಕಾಯಬೇಡಿ. ಅಮ್ಮನೋ ಅಕ್ಕನೋ ಬಾಯಿಬಿಟ್ಟು ಕೇಳಿ.

2. ಪರೀಕ್ಷೆ

ಎರಡು ಮುಖ್ಯ: ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ, ಮತ್ತೆ ಮುಟ್ಟಿನ ಎರಡು ಮೂರನೇ ದಿನದ ಅಂಡಾಶಯದ ಸ್ಕ್ಯಾನ್. ಎಎಂಎಚ್ ಉಳಿದ ಅಂಡಾಣುಗಳ ಅಂದಾಜು ಸಂಖ್ಯೆ ಹೇಳುತ್ತದೆ, ಗುಣ ಹೇಳುವುದಿಲ್ಲ. ಬುಟ್ಟಿಯಲ್ಲಿ ಎಷ್ಟು ಮೀನುಂಟು ಎಂದು ಗೊತ್ತಾದ ಮಾತ್ರಕ್ಕೆ ತಾಜಾ ಎಷ್ಟು ಎಂದು ಗೊತ್ತಾಗುತ್ತದಾ? ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಎಎಂಎಚ್ ಕಡಿಮೆ ತೋರಿಸಬಹುದು, ಆದ್ದರಿಂದ ಮಾತ್ರೆಯ ವಿಷಯ ಮೊದಲೇ ಹೇಳಿ. ಎಎಂಎಚ್ ಹೆಚ್ಚಿಸುತ್ತೇವೆ ಎಂದು ಮೊಬೈಲಿನಲ್ಲಿ ಜಾಹೀರಾತು ಬರುವ ಪುಡಿ, ಮಾತ್ರೆಗಳಿಗೆ ದುಡ್ಡು ಹಾಕಬೇಡಿ. ಕಳೆದುಹೋದ ಅಂಡಾಣುವನ್ನು ಯಾವ ಪುಡಿಯೂ ತಂದುಕೊಡುವುದಿಲ್ಲ. ಮನೆಯಲ್ಲಿ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಸುಮ್ನೆ ಮುಚ್ಚಿಡಬೇಡಿ.

ಮದುವೆಯಾಗದವರು ಕೇಳಲು ಹಿಂಜರಿಯುವ ಮಾತೊಂದುಂಟು. ಈ ಸ್ಕ್ಯಾನ್ ಸಾಮಾನ್ಯವಾಗಿ ಯೋನಿಯ ಮೂಲಕ ಮಾಡುವಂಥದ್ದು. ಅಂಡಾಣು ತೆಗೆಯುವುದೂ ಅದೇ ದಾರಿಯಲ್ಲಿ. ನಿಮಗೆ ಲೈಂಗಿಕ ಸಂಪರ್ಕ ಆಗಿಲ್ಲದಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಹೊಟ್ಟೆಯ ಮೇಲಿನಿಂದಲೂ ಸ್ಕ್ಯಾನ್ ಮಾಡಬಹುದು, ಆದರೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಯಾವುದು ಹೇಗೆ ಎಂದು ಅಲ್ಲೇ ಮಾತಾಡಿಕೊಳ್ಳಬೇಕು. ಇದನ್ನು ಹೇಳಲು ನಾಚಿಕೊಂಡು, ಸ್ಕ್ಯಾನ್ ಮೇಜಿನ ಮೇಲೆ ಹೆದರಿ ಎದ್ದು ಹೋದವರಿದ್ದಾರೆ.

3. ಸೆಂಟರ್ ಆರಿಸುವುದು

2021ರ ಎಆರ್‌ಟಿ (ಕೃತಕ ಗರ್ಭಧಾರಣೆಯ ತಂತ್ರಗಳ) ಕಾಯ್ದೆಯ ಪ್ರಕಾರ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿರಬೇಕು. ಲೆವೆಲ್ 1 ಕ್ಲಿನಿಕ್ಕಿನಲ್ಲಿ ಐಯುಐ, ಅಂದರೆ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವುದು ಮಾತ್ರ. ಅಂಡಾಣು ತೆಗೆಯಲು ಲೆವೆಲ್ 2 ನೋಂದಣಿ ಬೇಕು. ಸರ್ಟಿಫಿಕೇಟ್ ಕೇಳಿ ನೋಡಿ. 21 ದಾಟಿದ, 50ರೊಳಗಿನ ಯಾವ ಹೆಣ್ಣಾದರೂ, ಮದುವೆಯಾಗಿರಲಿ ಬಿಡಲಿ, ಈ ಚಿಕಿತ್ಸೆ ಪಡೆಯಬಹುದು. ಗಂಡನ ಸಹಿ ತನ್ನಿ, ಅಪ್ಪನ ಸಹಿ ತನ್ನಿ ಎಂದರೆ ಯಾಕೆ ಎಂದು ಕೇಳಿ. ಇನ್ನೊಂದು ವಿಷಯ ತಲೆಯಲ್ಲಿರಲಿ: ಮದುವೆಯೇ ಆಗದ ಹೆಣ್ಣಿಗೆ ಬಾಡಿಗೆ ತಾಯಿಯ ಮೂಲಕ ಮಗು ಪಡೆಯಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ.

ಡಾಕ್ಟರ ಹೆಸರು ನೋಡಿ ಹೋಗುತ್ತಾರೆ ಎಲ್ಲರೂ. ನಾನಾದರೆ ಎಂಬ್ರಿಯಾಲಜಿಸ್ಟ್ ಯಾರು ಎಂದು ಕೇಳುತ್ತೇನೆ. ಅಂಡಾಣುವನ್ನು ಫ್ರೀಜ್ ಮಾಡುವವರೂ, ಮುಂದೊಂದು ದಿನ ಕರಗಿಸುವವರೂ ಅವರೇ. ಮಣಿಪಾಲದಲ್ಲಿ ಈ ವಿದ್ಯೆಗೆ ಎಂ.ಎಸ್ಸಿ. ಕೋರ್ಸೇ ಇದೆ, ಕಲಿತವರಿಗೆ ನಮ್ಮ ಕಡೆ ಬರವಿಲ್ಲ. ಅವರು ದಿನಾ ಇಲ್ಲೇ ಇರುತ್ತಾರಾ, ಬೇರೆ ಊರಿನಿಂದ ಬಂದು ಹೋಗುವವರಾ? ಫ್ರೀಜ್ ಮಾಡಿದ ಅಂಡಾಣುಗಳನ್ನು ಇದುವರೆಗೆ ಎಷ್ಟು ಜನರಿಗೆ ಕರಗಿಸಿ ಬಳಸಿದ್ದಾರೆ? ಫ್ರೀಜ್ ಮಾಡಿದ ಲೆಕ್ಕ ಎಲ್ಲರೂ ಹೇಳುತ್ತಾರೆ. ಕರಗಿಸಿದ ಲೆಕ್ಕ ಕೇಳಿ.

ಖರ್ಚು ಲಕ್ಷ ದಾಟುತ್ತದೆ. ಪ್ಯಾಕೇಜಿನಲ್ಲಿ ಔಷಧ ಸೇರಿದೆಯಾ, ಅರಿವಳಿಕೆ ಸೇರಿದೆಯಾ, ವರ್ಷಕ್ಕೆ ಸಂಗ್ರಹದ ಬಾಡಿಗೆ ಎಷ್ಟು, ಮುಂದೆ ಕರಗಿಸಿ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವುದು) ಮಾಡಲು ಎಷ್ಟು ಎಂದು ಬರೆಸಿಕೊಳ್ಳಿ. ಔಷಧದ ಬಿಲ್ಲೇ ಜಾಸ್ತಿ ಏರುವುದು.

4. ಇಂಜೆಕ್ಷನ್ ದಿನಗಳು

ಒಂದೇ ಸಲಕ್ಕೆ ಹಲವು ಅಂಡಾಣು ಬೆಳೆಯುವಂತೆ ಮಾಡುವ ಇಂಜೆಕ್ಷನ್ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಶುರು. ಸಾಮಾನ್ಯವಾಗಿ 10ರಿಂದ 12 ದಿನ, ದಿನಾ ಒಂದೇ ಹೊತ್ತಿಗೆ, ಹೊಟ್ಟೆಯ ಚರ್ಮದಡಿ. ನಡುನಡುವೆ ಸ್ಕ್ಯಾನ್. ಹಾಗಾಗಿ ಈ ಎರಡು ವಾರ ಊರಲ್ಲೇ ಇರಿ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ವಾರಕ್ಕೊಮ್ಮೆ ಬಂದು ಹೋಗುತ್ತೇನೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುವುದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಸ್ಕ್ಯಾನೂ ಇಲ್ಲ, ಸೂಜಿಯೂ ಇಲ್ಲ.

ಔಷಧ ಇಡುವುದರಿಂದ ಶುರು ಮಾಡೋಣ. ಹೆಚ್ಚಿನವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕೆಲವನ್ನು ಹೊರಗೂ ಇಡಬಹುದು, ಡಬ್ಬದ ಮೇಲೆ ಬರೆದಿರುತ್ತದೆ, ಓದಿ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಹತ್ತು ಸಲ ತೆಗೆದು ಹಾಕುವಾಗ ಬಿಸಿಯಾಗುತ್ತದೆ. ಫ್ರೀಜರಿಗೆ ತಾಗಿಸಿಯೂ ಬೇಡ, ಹೆಪ್ಪುಗಟ್ಟಿದ ಔಷಧ ಕೆಟ್ಟಂತೆ. ನಡುವಿನ ತಟ್ಟೆಯಲ್ಲಿ, ಮುಚ್ಚಳದ ಡಬ್ಬದೊಳಗೆ ಇಡಿ. ನೆಂಟರಿಗೆ ಕಾಣಬಾರದೆಂದು ಮೀನಿನ ಪೊಟ್ಟಣದ ಹಿಂದೆ ಫ್ರೀಜರಿನಲ್ಲಿ ಅಡಗಿಸಿಟ್ಟವರೂ ಉಂಟು. ಮೆಡಿಕಲ್ಲಿನಿಂದ ತರುವಾಗ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ, ಔಷಧ ನೇರ ತಾಗದ ಹಾಗೆ ತನ್ನಿ. ಏಪ್ರಿಲ್ ಬಿಸಿಲಿಗೆ ಸ್ಕೂಟರಿನ ಡಿಕ್ಕಿಯೊಳಗೆ ಹಾಕಿಕೊಂಡು ಹಂಪನಕಟ್ಟೆ ಸುತ್ತಬೇಡಿ.

ಪೆನ್ನಿನಲ್ಲಿ ಬರುವ ಔಷಧ ಸುಲಭ. ತಪ್ಪುವುದು ಪುಡಿಯ ಬಾಟಲಿಯಲ್ಲಿ. ಕೈ ತೊಳೆದು ಒರೆಸಿ. ಪುಡಿಯ ಜೊತೆಗೆ ಕೊಟ್ಟ ನೀರನ್ನು ದಪ್ಪ ಸೂಜಿಯಿಂದ ಎಳೆಯಿರಿ. ಪುಡಿಯ ಬಾಟಲಿಯ ಗೋಡೆಯ ಮೇಲೆ ಹರಿಯುವ ಹಾಗೆ ನಿಧಾನ ಬಿಡಿ. ಕುಲುಕಬೇಡಿ, ನೊರೆ ಬರುತ್ತದೆ, ನೊರೆಯಲ್ಲಿ ಔಷಧ ಉಳಿದುಬಿಡುತ್ತದೆ. ಅಂಗೈ ನಡುವೆ ಮೆಲ್ಲಗೆ ಹೊರಳಿಸಿ, ಕರಗುತ್ತದೆ. ಬಾಟಲಿ ತಲೆಕೆಳಗೆ ಮಾಡಿ, ಸೂಜಿಯ ತುದಿ ದ್ರವದೊಳಗೇ ಇರುವಂತೆ ಹಿಡಿದು ಪೂರ್ತಿ ಎಳೆಯಿರಿ. ಇನ್ನು ದಪ್ಪ ಸೂಜಿ ತೆಗೆದು ಸಣ್ಣ ಸೂಜಿ ಹಾಕಿ. ಇದನ್ನು ಮರೆತು ದಪ್ಪ ಸೂಜಿಯಲ್ಲೇ ಚುಚ್ಚಿಕೊಂಡು, ಮರುದಿನ ಹೊಟ್ಟೆಯ ಮೇಲೆ ನೀಲಿ ಗುಳ್ಳೆಯೊಂದಿಗೆ ಬರುತ್ತಾರೆ.

ಹೊಕ್ಕುಳಿನಿಂದ ಎರಡು ಬೆರಳು ದೂರ, ಚರ್ಮವನ್ನು ಚಿವುಟಿ ಹಿಡಿದು ಚುಚ್ಚಿ. ಮೆಲ್ಲಗೆ ಒತ್ತಿ, ಹತ್ತು ಎಣಿಸಿ ಹೊರಗೆ ತೆಗೆಯಿರಿ. ಉಜ್ಜಬೇಡಿ. ಒಂದು ದಿನ ಎಡ, ಒಂದು ದಿನ ಬಲ. ಸಿರಿಂಜಿನಲ್ಲಿ ಸಣ್ಣ ಗಾಳಿ ಗುಳ್ಳೆ ಉಳಿದರೆ ಹೆದರುವುದು ಬೇಡ, ಚರ್ಮದಡಿಯ ಸೂಜಿಗೆ ಅದರಿಂದ ಅಪಾಯವಿಲ್ಲ. ಬಳಸಿದ ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಆಸ್ಪತ್ರೆಗೇ ಕೊಡಿ. ಕಸದ ಜೊತೆ ಹಾಕಿದರೆ ಕಸ ಎತ್ತುವವರ ಕೈಗೆ ಚುಚ್ಚುತ್ತದೆ.

ಐದಾರು ದಿನದ ನಂತರ ಇನ್ನೊಂದು ಇಂಜೆಕ್ಷನ್ ಸೇರುತ್ತದೆ. ಅಂಡಾಣು ಸಮಯಕ್ಕೆ ಮೊದಲೇ ಹೊರಗೆ ಬೀಳದಂತೆ ತಡೆಯುವಂಥದ್ದು. ಇದನ್ನು ಒಂದು ದಿನ ಬಿಟ್ಟರೂ ಇಡೀ ಸುತ್ತು ಹಾಳಾಗಬಹುದು. ಹೊಟ್ಟೆ ಉಬ್ಬರ, ಸಿಟ್ಟು, ಸುಸ್ತು ಬರುವುದು ಸಾಮಾನ್ಯ. ಓಟ, ಜಿಮ್ಮು, ಭಾರ ಎತ್ತುವುದು ಬೇಡ. ದೊಡ್ಡದಾದ ಅಂಡಾಶಯ ತಿರುಚಿಕೊಳ್ಳುವ ಅಪಾಯ ಉಂಟು. ಈ ದಿನಗಳಲ್ಲಿ ಗಂಡನ ಜೊತೆ ಸೇರುವುದೂ ಬೇಡ.

5. ಟ್ರಿಗರ್: ಗಡಿಯಾರ ನೋಡುವ ಸೂಜಿ

ಅಂಡಾಶಯದಲ್ಲಿ ಅಂಡಾಣು ಬೆಳೆಯುವ ನೀರಿನ ಚೀಲಗಳಲ್ಲಿ ದೊಡ್ಡವು 18 ಮಿಲಿಮೀಟರಿನ ಹತ್ತಿರ ಬಂದಾಗ ಕೊನೆಯ ಸೂಜಿ, ಟ್ರಿಗರ್. ಇದು ಅಂಡಾಣುವಿಗೆ ಕೊನೆಯ ಹಂತದ ಬಲಿಯುವಿಕೆ ಕೊಡುತ್ತದೆ. ಇದಾದ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಬೇಕು. ಬೇಗ ತೆಗೆದರೆ ಬಲಿತಿರುವುದಿಲ್ಲ, ತಡವಾದರೆ ಆಗಲೇ ಹೊರಬಿದ್ದಿರುತ್ತದೆ. ಗುರುವಾರ ಬೆಳಿಗ್ಗೆ 9ಕ್ಕೆ ತೆಗೆಯುವುದಾದರೆ ಮಂಗಳವಾರ ರಾತ್ರಿ 10ಕ್ಕೆ ಟ್ರಿಗರ್. 10 ಅಂದರೆ 10.

ಆ ರಾತ್ರಿ ಯಾರದೇ ಮೆಹೆಂದಿ ಇರಲಿ, ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಇರಲಿ, ಕುಟುಂಬದ ಕೋಲವೇ ಇರಲಿ, ನೀವು ಮನೆಯಲ್ಲಿರಿ. ಮದುವೆ ಹಾಲ್‌ನಲ್ಲಿ ಐಸ್ ಪ್ಯಾಕ್ ಹಿಡಿದು ಟಾಯ್ಲೆಟ್ ಹುಡುಕುವುದು ಬೇಡ. ಮೊಬೈಲಿನಲ್ಲಿ ಎರಡು ಅಲಾರಂ ಇಡಿ, ಅಮ್ಮನ ಮೊಬೈಲಿನಲ್ಲೂ ಒಂದು. ರಾತ್ರಿ 12ಕ್ಕೆ ಎಂದು ಹೇಳಿದರೆ ಯಾವ ತಾರೀಕಿನ ರಾತ್ರಿ ಎಂದು ಬರೆಸಿಕೊಳ್ಳಿ. ಇಲ್ಲಿ ಒಂದು ದಿನ ಆಚೀಚೆ ಆದವರಿದ್ದಾರೆ. ಟ್ರಿಗರ್ ಆದ ಮೇಲೆ ಹಳೆಯ ಇಂಜೆಕ್ಷನ್‌ಗಳಲ್ಲಿ ಯಾವುದನ್ನು ನಿಲ್ಲಿಸಬೇಕು ಎಂದೂ ಅಂದೇ ಕೇಳಿ.

ತಡವಾಯಿತು ಎಂದಿಟ್ಟುಕೊಳ್ಳಿ. ಅಥವಾ ಅರ್ಧ ಔಷಧ ಚೆಲ್ಲಿತು. ಕೂಡಲೇ ಫೋನ್ ಮಾಡಿ, ಮಧ್ಯರಾತ್ರಿ ಆದರೂ. ಒಂದು ಗಂಟೆ ತಡವಾದರೆ ಆಪರೇಷನ್ ಥಿಯೇಟರ್ ಸಮಯವನ್ನು ಒಂದು ಗಂಟೆ ಮುಂದೆ ಹಾಕಬಹುದು. ಬೈಯುತ್ತಾರೆಂದು ಹೆದರಿ "ಹತ್ತಕ್ಕೇ ತೆಗೊಂಡೆ ಸಿಸ್ಟರ್" ಎಂದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಇಲ್ಲಿ ಯಾರೂ ಬೈಯುವುದಿಲ್ಲ, ದಯವಿಟ್ಟು ನಿಜ ಹೇಳಿ.

6. ಅಂಡಾಣು ತೆಗೆಯುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಿ, ಜೊತೆಗೊಬ್ಬರು ಇರಲಿ. ಮಂಪರು ಬರುವ ಔಷಧ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಸಂಜೆ ಮನೆಗೆ. ಗಾಡಿ ಓಡಿಸಬೇಡಿ.

ತೆಗೆದ ಎಲ್ಲವೂ ಫ್ರೀಜ್ ಆಗುವುದಿಲ್ಲ, ಬಲಿತದ್ದು ಮಾತ್ರ. 12 ಸಿಕ್ಕಿದರೆ 9ರ ಸುಮಾರು ಬಲಿತಿರಬಹುದು. ಕಡಿಮೆ ಬಂತೆಂದು ಅಲ್ಲೇ ಕುಗ್ಗಬೇಡಿ. ಇನ್ನೊಂದು ಸುತ್ತು ಬೇಕಾ ಎಂದು ಒಂದು ವಾರ ಬಿಟ್ಟು ತೀರ್ಮಾನಿಸಿ.

7. ಮನೆಗೆ ಬಂದ ಮೇಲೆ

ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ನೀರಿನ ಚೀಲ ತುಂಬಿರುವ ತೊಂದರೆ) ಇರುವವರು, ತುಂಬಾ ಅಂಡಾಣು ಬಂದವರು ಜಾಗ್ರತೆ. ಅಂಡಾಶಯ ಅತಿಯಾಗಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಬರಬಹುದು. ಟ್ರಿಗರ್ ಔಷಧ ಬದಲಿಸಿ ಈ ಅಪಾಯವನ್ನು ತುಂಬಾ ಕಡಿಮೆ ಮಾಡಬಹುದು, ಅದನ್ನು ಮೊದಲೇ ಕೇಳಿಡಿ. ದಿನಾ ತೂಕ ನೋಡಿ. ತೂಕ ದಿಢೀರ್ ಏರಿದರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಒಂದೇ ಬದಿಯಲ್ಲಿ ತಡೆಯಲಾಗದ ನೋವು ಬಂದರೆ ಆಸ್ಪತ್ರೆಗೆ ಹೊರಡಿ. ಗ್ಯಾಸ್ ಇರಬೇಕು ಎಂದು ಓಮದ ಕಷಾಯ ಕುಡಿದು ಮಲಗಬೇಡಿ. ಏನೂ ತೊಂದರೆ ಇಲ್ಲದವರಿಗೆ ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಮೀನು, ಬೊಂಡ (ಎಳನೀರು) ಎಲ್ಲ ಆಗುತ್ತದೆ. ಎರಡು ವಾರದೊಳಗೆ ಮುಟ್ಟು ಬರುತ್ತದೆ.

8. ಕಾಗದಪತ್ರ

ಅಂಡಾಣು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರುತ್ತದೆ. ನಿಮಗೆ ಸಾವು ಬಂದರೆ, ಬುದ್ಧಿ ತಪ್ಪಿದರೆ ಅದನ್ನು ಏನು ಮಾಡಬೇಕು ಎಂದು ಮೊದಲೇ ಬರೆದುಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಹಾಳೆಯನ್ನು ಓದದೆ ಸಹಿ ಹಾಕುವವರೇ ಜಾಸ್ತಿ. ಓದಿ, ಒಂದು ಪ್ರತಿ ತನ್ನಿ. ದಾನಿಗಳ ಅಂಡಾಣು, ವೀರ್ಯವನ್ನೂ ಭ್ರೂಣವನ್ನೂ 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು ಕಾಯ್ದೆಯಲ್ಲಿದೆ. ನಿಮ್ಮದನ್ನು ಎಷ್ಟು ವರ್ಷ ಇಡುತ್ತಾರೆ, ಸೆಂಟರ್ ಮುಚ್ಚಿದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿ.

ಎಷ್ಟು ಬಲಿತ ಅಂಡಾಣು, ಯಾವ ತಾರೀಕು, ಯಾವ ಟ್ಯಾಂಕ್ ಎಂಬ ವಿವರದ ಹಾಳೆಯನ್ನು ಫೈಲಿನಲ್ಲಿಡಿ, ಒಂದು ಫೋಟೊ ಮೊಬೈಲಿನಲ್ಲಿ. ಕೆಲಸಕ್ಕೆ ಗಲ್ಫಿಗೆ ಹೋಗಿ ಇಲ್ಲಿನ ಸಿಮ್ ಬಿಟ್ಟರೆ, ಬಾಡಿಗೆ ಕಟ್ಟುವ ನೆನಪೋಲೆ ನಿಮಗೆ ತಲುಪುವುದಿಲ್ಲ. ಹೊಸ ನಂಬರನ್ನೂ, ಊರಲ್ಲಿರುವ ನಂಬಿಕೆಯ ಒಬ್ಬರ ನಂಬರನ್ನೂ ಹೊರಡುವ ಮೊದಲೇ ಸೆಂಟರಿಗೆ ಬರೆದು ಕೊಡಿ.