ರಿಪೋರ್ಟಿನಲ್ಲಿ ‘ಕಾರ್ಸಿನಾಯ್ಡ್’ ಅಂತ ಬಂದಿದೆಯಾ? ಹೀಗೆ ಓದಿ

ಅಪೆಂಡಿಕ್ಸ್ ಆಪರೇಷನ್ ಮುಗಿದಿದೆ. ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರು ಬಯಾಪ್ಸಿ ಕಾಗದ ಕೈಗಿಡುತ್ತಾರೆ. ‘ಕಾರ್ಸಿನಾಯ್ಡ್, ತುದಿಯಲ್ಲಿ, 0.8 ಸೆಂ.ಮೀ.’ ಅಂದರೆ ಅಪೆಂಡಿಕ್ಸ್ ತುದಿಯಲ್ಲಿ ಒಂದು ಪುಟ್ಟ ಗಡ್ಡೆ. ಮನೆಗೆ ಬರುವಷ್ಟರಲ್ಲಿ ಎಲ್ಲರ ಮೊಬೈಲಿನಲ್ಲೂ ಹುಡುಕಾಟ ಶುರು. ಒಂದು ಕಡೆ ಲಿವರ್‌ಗೆ ಹರಡುತ್ತದೆ ಅಂತ ಇರುತ್ತದೆ, ಇನ್ನೊಂದು ಕಡೆ ಹೃದಯ ಕೆಡುತ್ತದೆ ಅಂತ. ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಅಲ್ಲಿ ಬರೆದದ್ದು ಸುಳ್ಳೇನಲ್ಲ, ಆದರೆ ಅದು ಬೇರೆ ಅಂಗದ ಕಾರ್ಸಿನಾಯ್ಡ್ ಕಥೆ. ಈ ಗಡ್ಡೆ ಕೂತ ಜಾಗ ಬದಲಾದರೆ ಗುಣವೇ ಬದಲಾಗುತ್ತದೆ. ಹಾಗಾಗಿ ಮೊಬೈಲ್ ಪಕ್ಕಕ್ಕಿಟ್ಟು, ಪೆನ್ಸಿಲ್ ಹಿಡಿದು ಕೂರಿ.

ಹೆಸರಿನ ಬಗ್ಗೆ ಒಂದು ಮಾತು. 1907ರಲ್ಲಿ ಜರ್ಮನಿಯ ಸೀಗ್‌ಫ್ರೀಡ್ ಓಬರ್ನ್‌ಡೋರ್ಫರ್ ಎಂಬ ರೋಗತಜ್ಞ ಇದಕ್ಕೆ ‘ಕ್ಯಾನ್ಸರ್‌ನಂಥದ್ದು’ ಎಂಬ ಅರ್ಥದ ಹೆಸರಿಟ್ಟರು. ಇದು ಸಾಧು ಗಡ್ಡೆ ಅಂದುಕೊಂಡಿದ್ದರು. ಕೆಲವು ಹರಡುತ್ತವೆ ಎಂದು 1929ರಲ್ಲಿ ತಾವೇ ತಿದ್ದಿಕೊಂಡರು. ಹೆಸರು ಮಾತ್ರ ಉಳಿಯಿತು. ಈಗ ಹೊಟ್ಟೆ, ಕರುಳಿನ ರಿಪೋರ್ಟುಗಳಲ್ಲಿ ‘ನ್ಯೂರೋಎಂಡೋಕ್ರೈನ್ ಟ್ಯೂಮರ್’ ಅಂತ ಬರೆಯುತ್ತಾರೆ. ನಟ ಇರ್ಫಾನ್ ಖಾನ್ 2018ರ ಮಾರ್ಚ್‌ನಲ್ಲಿ ತಮಗಿದೆ ಎಂದು ತಿಳಿಸಿದ್ದು ಇದೇ ಗುಂಪಿನ ಕಾಯಿಲೆ. ‘ನ್ಯೂರೋ’ ಅಂದಕೂಡಲೇ ಮಿದುಳು ಅಂದುಕೊಳ್ಳಬೇಡಿ. ಈ ಗಡ್ಡೆ ಹುಟ್ಟುವುದು ಹಾರ್ಮೋನ್ ತಯಾರಿಸುವ ಕೋಶಗಳಲ್ಲಿ, ಅವು ಮೈಯೆಲ್ಲಾ ಚದುರಿಕೊಂಡಿವೆ.

ಮೊದಲು ರಿಪೋರ್ಟಿನಲ್ಲಿ ಅಂಗದ ಹೆಸರಿಗೆ ಗೆರೆ ಎಳೆಯಿರಿ

ಅಪೆಂಡಿಕ್ಸ್ ಅಂತಿದ್ದರೆ ಅಳತೆ ನೋಡಿ. ಅಪೆಂಡಿಕ್ಸ್ ತೆಗೆದ ಸಾವಿರ ಜನರಲ್ಲಿ ಸುಮಾರು 3ರಿಂದ 9 ಜನರಿಗೆ ಇದು ಆಕಸ್ಮಿಕವಾಗಿ ಸಿಗುತ್ತದೆ. 1 ಸೆಂ.ಮೀ.ಗಿಂತ ಚಿಕ್ಕದಾಗಿ, ಪೂರ್ತಿ ಹೊರಬಂದಿದ್ದರೆ ಸಾಮಾನ್ಯವಾಗಿ ಆ ಆಪರೇಷನ್ನೇ ಚಿಕಿತ್ಸೆ. 2 ಸೆಂ.ಮೀ. ದಾಟಿದ್ದರೆ ದೊಡ್ಡ ಕರುಳಿನ ಬಲಭಾಗವನ್ನೂ ತೆಗೆಯುವ ಮಾತು ಬರುತ್ತದೆ. ನಡುವಿನದಕ್ಕೆ ಎಷ್ಟು ಆಳಕ್ಕೆ ಇಳಿದಿದೆ, ಯಾವ ಗ್ರೇಡ್ ಎಂದು ನೋಡಿ ತೀರ್ಮಾನಿಸುತ್ತಾರೆ.

ಗುದನಾಳದ್ದು ಹೆಚ್ಚಾಗಿ ಬೇರೆ ಕಾರಣಕ್ಕೆ ಮಾಡಿದ ಕೊಲೊನೋಸ್ಕೋಪಿಯಲ್ಲಿ ಸಿಗುತ್ತದೆ. ಚಿಕ್ಕದಿದ್ದರೆ ಅದೇ ನಳಿಕೆಯ ಮೂಲಕ ತೆಗೆಯಬಹುದು.

ಜಠರದ್ದಾದರೆ ‘ಯಾವ ಟೈಪ್’ ಅಂತ ಕೇಳದೆ ಎದ್ದು ಬರಬೇಡಿ. ಟೈಪ್ 1 ಇರುವವರ ಜಠರದ ಒಳಪದರ ಸವೆದಿರುತ್ತದೆ, ಬಿ12 ಕಡಿಮೆ ಇರುವುದೂ ಉಂಟು, ಗಡ್ಡೆಗಳು ಸಣ್ಣ ಸಣ್ಣವು, ಹಲವು. ಬಹುಪಾಲು ಇವು ಸೌಮ್ಯ. ಟೈಪ್ 2 ಅಪರೂಪ. ಬೇರೆಲ್ಲೋ ಇದ್ದು ಗ್ಯಾಸ್ಟ್ರಿನ್ (ಜಠರದ ಆಸಿಡ್ ಹೆಚ್ಚಿಸುವ ಹಾರ್ಮೋನ್) ಸುರಿಸುವ ಗಡ್ಡೆಯಿಂದ ಹುಟ್ಟುತ್ತದೆ. ಟೈಪ್ 3 ಸಾಮಾನ್ಯವಾಗಿ ಒಂಟಿ ಗಡ್ಡೆ, ಗ್ಯಾಸ್ಟ್ರಿನ್ ಮಟ್ಟ ಸರಿಯಾಗೇ ಇರುತ್ತದೆ. ಹರಡುವ ಭಯ ಜಾಸ್ತಿ ಇರುವುದು ಇದರಲ್ಲೇ.

ಸಣ್ಣ ಕರುಳಿನ ಗಡ್ಡೆಯನ್ನು ಅಳತೆ ನೋಡಿ ನಂಬಬೇಡಿ. ಕಡಲೆಕಾಳಿನಷ್ಟಿದ್ದರೂ ದುಗ್ಧಗ್ರಂಥಿಗೆ, ಲಿವರ್‌ಗೆ ಹೋಗಿರಬಹುದು. ಸುತ್ತಲಿನ ಪದರವನ್ನು ಗಟ್ಟಿಮಾಡಿ ಕರುಳನ್ನೇ ಮಡಚಿಬಿಡುತ್ತದೆ. ವರ್ಷಗಟ್ಟಲೆ ‘ಗ್ಯಾಸ್’ ಅಂತ ಮಾತ್ರೆ ನುಂಗಿದ ಮೇಲೆ ಇದು ಪತ್ತೆಯಾಗುವುದು ಹೊಸದೇನಲ್ಲ.

ಶ್ವಾಸಕೋಶದ್ದಾದರೆ ಕಾರ್ಸಿನಾಯ್ಡ್ ಎಂಬ ಹಳೆ ಹೆಸರು ಅಧಿಕೃತವಾಗಿ ಇವತ್ತಿಗೂ ಇದೆ. ‘ಟಿಪಿಕಲ್’ ಅಂದರೆ ನಿಧಾನದ್ದು, ‘ಎಟಿಪಿಕಲ್’ ಸ್ವಲ್ಪ ಚುರುಕು. ಗಡ್ಡೆ ಉಸಿರುನಳಿಕೆಗೆ ಅಡ್ಡ ಕೂತರೆ ಕೆಮ್ಮಿನಲ್ಲಿ ರಕ್ತ ಬರಬಹುದು. ಮತ್ತೆ ಮತ್ತೆ ಒಂದೇ ಜಾಗದಲ್ಲಿ ನ್ಯುಮೋನಿಯಾ ಆಗಬಹುದು. ಕೆಮ್ಮಿನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ತಪ್ಪಲ್ಲ. ಆದರೆ ಕಫದಲ್ಲಿ ಟಿಬಿ ಸಿಗದಿದ್ದರೆ ಮುಂದಿನ ಪ್ರಶ್ನೆ ಕೇಳಬೇಕು, ಅಲ್ವಾ?

ಆಮೇಲೆ ಗ್ರೇಡ್

ಕರುಳು, ಜಠರದ ರಿಪೋರ್ಟಿನಲ್ಲಿ ‘ಕೆಐ-67’ ಎದುರಿಗಿರುವ ಶೇಕಡಾ ಅಂಕಿ ಹುಡುಕಿ. ಎಷ್ಟು ಕೋಶಗಳು ಒಡೆದು ಹೆಚ್ಚುತ್ತಿವೆ ಎಂಬ ಲೆಕ್ಕ ಅದು. 3ಕ್ಕಿಂತ ಕಡಿಮೆ ಗ್ರೇಡ್ 1, 3ರಿಂದ 20 ಗ್ರೇಡ್ 2, ಅದರ ಮೇಲೆ ಗ್ರೇಡ್ 3. ಅಂಕಿಯೇ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಲಕ್ಷಣಗಳನ್ನು ಡೈರಿಯಲ್ಲಿ ಬರೆಯಿರಿ

ಇದ್ದಕ್ಕಿದ್ದಂತೆ ಮುಖ, ಕತ್ತು ಬಿಸಿಯೇರುವುದು, ನೀರಿನಂಥ ಭೇದಿ, ದಮ್ಮು. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣದೇ ಇರಬಹುದು, ಆದರೆ ಬಿಸಿ ಗೊತ್ತಾಗುತ್ತದೆ. ಹೆಂಗಸರಾದರೆ ‘ಮುಟ್ಟು ನಿಲ್ಲೋ ವಯಸ್ಸು’ ಅಂತ ಸುಮ್ನೆ ತಳ್ಳಿಹಾಕಿಬಿಡುತ್ತಾರೆ. ಎಷ್ಟು ಹೊತ್ತಿಗೆ, ಏನು ತಿಂದ ಮೇಲೆ ಎಂದು ಬರೆದಿಡಿ.

ಇದಕ್ಕೆ ಮುಖ್ಯ ಕಾರಣ ಗಡ್ಡೆ ಸುರಿಸುವ ಸಿರೊಟೋನಿನ್‌ನಂಥ ರಾಸಾಯನಿಕಗಳು. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಅವನ್ನು ಒಡೆದು ಹಾಕುತ್ತದೆ. ಹಾಗಾಗಿ ಕರುಳಿನ ಗಡ್ಡೆ ಸಾಮಾನ್ಯವಾಗಿ ಲಿವರ್‌ಗೆ ಹರಡಿದ ಮೇಲೆಯೇ ಈ ಲಕ್ಷಣ ತೋರುವುದು. ಶ್ವಾಸಕೋಶ, ಅಂಡಾಶಯದ ಗಡ್ಡೆಗೆ ಈ ತಡೆ ಇಲ್ಲ. ದೇಹದಲ್ಲಿರುವ ಟ್ರಿಪ್ಟೋಫಾನ್ ಎಂಬ ಪ್ರೋಟೀನ್ ಅಂಶ ಎಲ್ಲಾ ಸಿರೊಟೋನಿನ್‌ಗೇ ಖರ್ಚಾದರೆ, ಅದರಿಂದಲೇ ತಯಾರಾಗುವ ನಿಯಾಸಿನ್ ಎಂಬ ಬಿ ವಿಟಮಿನ್ ಕೊರತೆಯಾಗಿ ಪೆಲ್ಲಾಗ್ರಾ ಬರಬಹುದು. ಹಿಂದೆ ದಖ್ಖನಿನ ಜೋಳದ ಸೀಮೆಯ ಬಡವರಲ್ಲಿ ಕಾಣುತ್ತಿದ್ದ ಅದೇ ಚರ್ಮದ ಕಾಯಿಲೆ.

24 ಗಂಟೆಯ ಮೂತ್ರ ಪರೀಕ್ಷೆ

ಹೆಚ್ಚು ಜನ ಎಡವುವುದು ಇಲ್ಲೇ. ಪರೀಕ್ಷೆಯ ಹೆಸರು 5-ಎಚ್‌ಐಎಎ, ಅಂದರೆ ಸಿರೊಟೋನಿನ್ ಒಡೆದು ಉಳಿದ ಅಂಶ. ಮೂರು ದಿನ ಮುಂಚಿನಿಂದ, ಸಂಗ್ರಹ ಮುಗಿಯುವವರೆಗೂ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆಕಾಯಿ, ಬೆಣ್ಣೆಹಣ್ಣು, ಅಕ್ರೋಟ ಬೇಡ. ಇವುಗಳಲ್ಲೇ ಸಿರೊಟೋನಿನ್ ಇರುವುದರಿಂದ ಅಂಕಿ ಸುಳ್ಳು ಏರುತ್ತದೆ. ಸಾರಿಗೆ ಟೊಮೆಟೊ ಹಾಕುವುದು ಕೈಗೆ ಅಭ್ಯಾಸವಾಗಿರುತ್ತದೆ. ಅಡುಗೆ ಮಾಡುವವರಿಗೆ ಮೊದಲೇ ಹೇಳಿ, ಮೂರು ದಿನ ಹುಣಸೆಹಣ್ಣು ಸಾಕು. ಪ್ಯಾರಾಸಿಟಮಾಲ್, ಕೆಮ್ಮಿನ ಸಿರಪ್, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಬೆಳಿಗ್ಗೆ ಎದ್ದ ಮೊದಲ ಮೂತ್ರ ಕ್ಯಾನಿಗೆ ಹಾಕಬೇಡಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಮುಂದಿನದ್ದೆಲ್ಲಾ ಕ್ಯಾನಿಗೆ. ಮರುದಿನ ಅದೇ ಹೊತ್ತಿನ ಮೊದಲ ಮೂತ್ರವೂ ಸೇರಬೇಕು. ಕ್ಯಾನಿನ ತಳದಲ್ಲಿ ಆಸಿಡ್ ಇದ್ದರೆ ಚೆಲ್ಲಬೇಡಿ, ತೊಳೆಯಬೇಡಿ. ಮಗ್ಗಿನಲ್ಲಿ ಹಿಡಿದು ಮೆಲ್ಲಗೆ ಸುರಿಯಿರಿ. ನಡುವೆ ಒಂದು ಸಲ ಮರೆತರೂ ಲ್ಯಾಬಿಗೆ ಹೇಳಿ, ಹೊಸದಾಗಿ ಶುರುಮಾಡಿ. ನಾಚಿಕೆಪಟ್ಟು ಸುಮ್ಮನಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ.

ಕ್ರೋಮೋಗ್ರಾನಿನ್ ಎ ಎಂಬ ರಕ್ತ ಪರೀಕ್ಷೆಗೂ ಇಂಥದೇ ಒಂದು ಕಾಟ ಇದೆ. ಪ್ಯಾಂಟೊಪ್ರಜೋಲ್‌ನಂಥ ಆಸಿಡಿಟಿ ಮಾತ್ರೆ ಅದನ್ನು ಏರಿಸುತ್ತದೆ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ನಿಲ್ಲಿಸಬಹುದಾ ಎಂದು ಡಾಕ್ಟರನ್ನೇ ಕೇಳಿ. ಗಡ್ಡೆ ಎಲ್ಲೆಲ್ಲಿದೆ ಎಂದು ಹುಡುಕಲು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ಇದೆ. ಎಲ್ಲರಿಗೂ ಅದು ಬೇಕಿಲ್ಲ. 0.8 ಸೆಂ.ಮೀ. ಅಪೆಂಡಿಕ್ಸ್ ಗಡ್ಡೆ ಪೂರ್ತಿ ಹೊರಬಂದವರಿಗಂತೂ ಸಾಮಾನ್ಯವಾಗಿ ಬೇಡವೇ ಬೇಡ.

ಬಿಸಿಯೇರುವುದು, ಭೇದಿ ಇರುವವರು ಎರಡು ಕೆಲಸ ಮರೆಯಬೇಡಿ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಏಕೆಂದರೆ ಸಿರೊಟೋನಿನ್ ಹೃದಯದ ಬಲಭಾಗದ ಕವಾಟಗಳನ್ನು ಗಟ್ಟಿಮಾಡುತ್ತದೆ. ಮುಂದೆ ಯಾವ ಆಪರೇಷನ್ ಆದರೂ, ಹರ್ನಿಯಾ ಆದರೂ ಸರಿ, ಅರಿವಳಿಕೆ ಡಾಕ್ಟರಿಗೆ ‘ನನಗೆ ಕಾರ್ಸಿನಾಯ್ಡ್ ಇದೆ’ ಅಂತ ಮೊದಲೇ ಹೇಳಿ. ಅರಿವಳಿಕೆ ಕೊಡುವಾಗ ಗಡ್ಡೆ ಒಮ್ಮೆಲೇ ರಾಸಾಯನಿಕ ಸುರಿಸಿದರೆ ಬಿಪಿ ಕುಸಿಯಬಹುದು. ಗೊತ್ತಿದ್ದರೆ ಅವರು ಅದನ್ನು ತಡೆಯುವ ಆಕ್ಟ್ರಿಯೊಟೈಡ್ ಔಷಧಿ ಸಿದ್ಧ ಇಟ್ಟುಕೊಂಡಿರುತ್ತಾರೆ.