ಫೋಟೊ ಮಾಂಟೇಜ್: ಆಕೃತಿ ನೆಲದ ಮೇಲೆ ನಿಂತಂತೆ ಕಾಣಬೇಕಾದರೆ

ಬೇರೆ ಬೇರೆ ಫೋಟೊಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವುದೇ ಮಾಂಟೇಜ್. ಅದರಲ್ಲಿ ಕತ್ತರಿಸಿ ತಂದ ವ್ಯಕ್ತಿ ಅಂಟಿಸಿದಂತೆ ಕಾಣುವುದಕ್ಕೆ ಹೆಚ್ಚಿನ ಸಲ ಕಾರಣ ಬಣ್ಣವಲ್ಲ, ಅಳತೆ. ಮೊದಲು ಹಿನ್ನೆಲೆಯ ದಿಗಂತ ರೇಖೆ ಗುರುತಿಸಿ. ಕಾಣದಿದ್ದರೆ ನೇರವಾದ ಸಮತಟ್ಟು ರಸ್ತೆಯ ಎರಡು ಅಂಚುಗಳನ್ನು ಗೆರೆ ಎಳೆದು ಮುಂದುವರಿಸಿ. ಅವು ಕೂಡುವ ಎತ್ತರವೇ ದಿಗಂತ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದ್ದರೆ, ಸಮತಟ್ಟು ನೆಲದಲ್ಲಿ ನಿಂತವರ ಕಣ್ಣು, ಹತ್ತಿರವಿರಲಿ ದೂರವಿರಲಿ, ಆ ರೇಖೆಯ ಮೇಲೇ ಬರಬೇಕು. ಸೊಂಟದ ಮಟ್ಟದಲ್ಲಿದ್ದರೆ ಸೊಂಟ. ಮೇಲಿನಿಂದ ತೆಗೆದ ವ್ಯಕ್ತಿಯನ್ನು ಕೆಳಗಿನಿಂದ ತೆಗೆದ ಹಿನ್ನೆಲೆಗೆ ಹೊಂದಿಸಲು ಒದ್ದಾಡಬೇಡಿ, ಬೇರೆ ಫೋಟೊ ಹುಡುಕುವುದೇ ಲೇಸು.

ಬೆಳಕಿನ ದಿಕ್ಕು ಮೂಗಿನ ನೆರಳಿನಲ್ಲಿ ತಿಳಿಯುತ್ತದೆ. ಎಡ-ಬಲ ಮಾತ್ರ ತಪ್ಪಿದ್ದರೆ ಆಕೃತಿಯನ್ನು ಅಡ್ಡಲಾಗಿ ಫ್ಲಿಪ್ ಮಾಡಿ. ಅಂಗಿಯ ಮೇಲಿನ ಅಕ್ಷರಗಳು ತಿರುಗಿಬಿಡುತ್ತವೆ, ಜೋಕೆ.

ನೆರಳಿಗೆ ಎರಡು ಲೇಯರ್ (ಚಿತ್ರದ ಮೇಲೆ ಒಂದರ ಮೇಲೊಂದು ಕೂರುವ ಪದರ) ಬೇಕೇ ಬೇಕು, ಎರಡೂ ಕೆಳಗಿನ ಚಿತ್ರವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ. ಒಂದು, ಪಾದ ನೆಲಕ್ಕೆ ತಾಗುವಲ್ಲಿ ತೆಳು ಗೆರೆ: 3000 ಪಿಕ್ಸೆಲ್ ಅಗಲದ ಚಿತ್ರಕ್ಕೆ 2–4 ಪಿಕ್ಸೆಲ್ ಬ್ಲರ್ (ಮಸುಕು), ಒಪಾಸಿಟಿ (ಪದರ ಎಷ್ಟು ದಟ್ಟವಾಗಿ ಕಾಣಬೇಕೆಂಬ ಪ್ರಮಾಣ) ಶೇ. 70–80. ಇದಿಲ್ಲದಿದ್ದರೆ ಆಕೃತಿ ತೇಲುತ್ತದೆ. ಇನ್ನೊಂದು, ಉದ್ದಕ್ಕೆ ಬೀಳುವ ನೆರಳು: ಶೇ. 30–50 ಒಪಾಸಿಟಿಯಿಂದ ಶುರುಮಾಡಿ, ಪಾದದಿಂದ ದೂರವಾದಷ್ಟೂ ಬ್ಲರ್ ಹೆಚ್ಚಿಸಿ. ಅಪ್ಪಟ ಕಪ್ಪು ಬೇಡ. ಹಿನ್ನೆಲೆಯ ನೆರಳಿನಿಂದಲೇ ಬಣ್ಣ ಎತ್ತಿಕೊಳ್ಳಿ.

ಕೂದಲ ಸುತ್ತ ಬಿಳಿ ಅಂಚು ಉಳಿದರೆ ಮಾಸ್ಕ್ (ಆಕೃತಿಯ ಯಾವ ಭಾಗ ಕಾಣಬೇಕೆಂದು ನಿರ್ಧರಿಸುವ ಮುಸುಕು) ಅನ್ನು 1–2 ಪಿಕ್ಸೆಲ್ ಒಳಕ್ಕೆ ಸರಿಸಿ. ಮಂಜಿನ ಹಿನ್ನೆಲೆಯಲ್ಲಿ ದೂರದ ಆಕೃತಿಯ ಕಪ್ಪು ಅಷ್ಟು ಗಾಢವಾಗಿರಲಾರದು, ಬೆಳಕು-ಕತ್ತಲೆ ತಿದ್ದುವ ಕರ್ವ್ಸ್‌ನಲ್ಲಿ ಅದನ್ನು ಮೇಲಕ್ಕೆತ್ತಿ ತಿಳಿಯಾಗಿಸಿ. ಗ್ರೇನ್ (ಫೋಟೊದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಕೊನೆಗೆ, ಎಲ್ಲ ಲೇಯರ್‌ಗಳ ಮೇಲೆ ಒಟ್ಟಿಗೆ.