‘ನೋಡೋಣ’ ಅನ್ನುವುದನ್ನು ಬಿಟ್ಟ ಮೇಲೆ

ಗೆಳತಿ ತನ್ನ ಮದುವೆಗೆ ಬ್ರೈಡ್ಸ್‌ಮೇಡ್ ಆಗು, ಅಂದರೆ ಮದುಮಗಳ ಜೊತೆಗಿದ್ದು ಮದುವೆ ಕೆಲಸಕ್ಕೆ ನೆರವಾಗುವ ಗೆಳತಿಯಾಗು ಅಂದಾಗ ಆ ಖುಷಿಯಲ್ಲಿ ಹೂಂ ಅಂದುಬಿಡುತ್ತೇವೆ. ನಾನೀಗ ಹೂಂ ಅನ್ನುವ ಮೊದಲೇ ಮೂರು ವಿಷಯ ಕೇಳಿಕೊಳ್ಳುತ್ತೇನೆ: ಒಟ್ಟು ಖರ್ಚು ಎಷ್ಟಾಗಬಹುದು, ಎಷ್ಟು ದಿನ ರಜೆ ಹಾಕಬೇಕು, ಮದುವೆಗೆ ಮುಂಚಿನ ಯಾವ ಯಾವ ಕಾರ್ಯಕ್ರಮಕ್ಕೆ ಬರಲೇಬೇಕು.

ಖರ್ಚೆಂದರೆ ಬರೀ ಡ್ರೆಸ್ ಅಲ್ಲ. ಡ್ರೆಸ್, ಅದರ ಆಲ್ಟ್ರೇಷನ್, ಚಪ್ಪಲಿ, ಮೇಕಪ್, ಓಡಾಟ, ರೂಮು, ಮುಂಚಿನ ಪಾರ್ಟಿಯ ಪಾಲು, ಉಡುಗೊರೆ ಎಂದು ಎಂಟು ಸಾಲು ಬರೆದು ಕೂಡಿಸುತ್ತೇನೆ. ಕೊನೇ ವಾರದಲ್ಲಿ ಏನಾದರೊಂದು ತಲೆಯೆತ್ತುವುದರಿಂದ ಮೇಲೆ ಶೇಕಡಾ 15 ಸೇರಿಸುತ್ತೇನೆ. ಬಂದ ಮೊತ್ತ ನನ್ನ ಕೈಗೆ ಮೀರಿದ್ದರೆ ಡ್ರೆಸ್ ಆರ್ಡರ್ ಆಗುವ ಮುಂಚೆಯೇ ಹೇಳಬೇಕು. ಆರ್ಡರ್ ಆದ ಮೇಲೆ ಹೇಳಿದರೆ ಅದು ಬರೀ ಗೊಣಗಾಟ, ಯಾರಿಗೂ ಉಪಯೋಗವಿಲ್ಲ. ಎಲ್ಲರ ಪರವಾಗಿ ನನ್ನ ಕಾರ್ಡಿನಿಂದ ಅಡ್ವಾನ್ಸ್ ಕಟ್ಟುವುದಂತೂ ಇಲ್ಲವೇ ಇಲ್ಲ. ಹಣ ಕೈಸೇರಿದ ಮೇಲೇ ಬುಕಿಂಗ್.

ಇನ್ನು ಮಾತು. ಎಲ್ಲ ಕೆಡುವುದು ‘ನೋಡೋಣ’ ಅನ್ನುವ ಒಂದು ಪದದಿಂದ. ನಾವು ಅದನ್ನು ‘ಆಗಲ್ಲ’ ಎಂಬ ಅರ್ಥದಲ್ಲಿ ಹೇಳುತ್ತೇವೆ, ಮದುಮಗಳ ಕಿವಿಗೆ ಅದು ‘ಆಯ್ತು’ ಎಂದು ಬೀಳುತ್ತದೆ. ಎರಡು ವಾರ ಬಿಟ್ಟು ಆ ಕೆಲಸ ನಮ್ಮ ಹೆಸರಿಗೇ ಬಿದ್ದಿರುತ್ತದೆ. ಇನ್ನೊಂದು ತಪ್ಪು, ಕಾರಣದ ಪಟ್ಟಿ ಕೊಡುವುದು. ‘ಶನಿವಾರ ಆಫೀಸಿದೆ, ಗಾಡಿ ರಿಪೇರಿಗೆ ಹೋಗಿದೆ’ ಅಂದರೆ ಆಕೆ ದಿನವನ್ನು ಭಾನುವಾರಕ್ಕೆ ಬದಲಿಸಿ, ಗಾಡಿಯನ್ನೂ ಕಳಿಸುತ್ತಾಳೆ. ಪಾಪ, ಅವಳದು ತಪ್ಪಲ್ಲ. ತೊಂದರೆ ಹೇಳಿದ್ದೀರಿ, ಪರಿಹರಿಸಿದಳು. ಹಾಗಾಗಿ ನನ್ನ ಮೆಸೇಜಿನಲ್ಲಿ ಕಾರಣ ಇರುವುದಿಲ್ಲ, ಅಳತೆ ಇರುತ್ತದೆ:

‘ಕಾರ್ಡ್ ಬರೆಯೋಕೆ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಬರ್ತೀನಿ ಕಣೇ. ಅಷ್ಟರಲ್ಲಿ ಆದಷ್ಟು ಬರೆದುಕೊಡ್ತೀನಿ. ಹೂವಿನವರ ಹತ್ತಿರ ಓಡಾಡೋದು ನನ್ನಿಂದ ಆಗಲ್ಲ.’

ಹನ್ನೆರಡಕ್ಕೆ ಎದ್ದು ಹೊರಡಬೇಕು. ‘ಇನ್ನು ಹತ್ತೇ ಕಾರ್ಡು’ ಎಂದು ಕೂತರೆ ಹೇಳಿದ ಸಮಯಕ್ಕೆ ಬೆಲೆಯಿಲ್ಲ ಎಂದು ನಾವೇ ಕಲಿಸಿಕೊಟ್ಟಂತೆ.

ರಾತ್ರಿ ಹನ್ನೊಂದರ ಮೆಸೇಜುಗಳಿಗೂ ಇದೇ ಮಾತು. ಒಂಬತ್ತಾದ ಮೇಲೆ ಉತ್ತರ ಬೆಳಗ್ಗೆಗೆ ಎಂದು ಮೊದಲೇ ಒಮ್ಮೆ ಹೇಳಿ, ನೋಟಿಫಿಕೇಶನ್ ಮ್ಯೂಟ್ ಮಾಡುತ್ತೇನೆ. ಮದುವೆಗೆ ಮೂರು ದಿನ ಇರುವಾಗ ಮಾತ್ರ ಈ ನಿಯಮ ಸಡಿಲ. ಒಂದೇ ಒಂದು ರಾತ್ರಿ ಹನ್ನೊಂದೂವರೆಗೆ ಉತ್ತರ ಕೊಟ್ಟರೆ ಮರುದಿನದಿಂದ ಅದೇ ನಮ್ಮ ಹೊಸ ಟೈಮಿಂಗು.

ತೂಕ ಇಳಿಸು, ಕೂದಲಿಗೆ ಬಣ್ಣ ಹಾಕಿಸು, ಮಚ್ಚೆ ಮುಚ್ಚು ಎಂಬ ಬೇಡಿಕೆಗಳಿಗೆ ನನ್ನಲ್ಲಿ ಚೌಕಾಸಿ ಇಲ್ಲ. ‘ಡ್ರೆಸ್ ನೀನು ಹೇಳಿದ್ದು, ಮೈ ನಂದು’ ಎಂದು ನಗುತ್ತಲೇ ಹೇಳಿ ಮಾತು ಬದಲಿಸುತ್ತೇನೆ.

‘ಆಗಲ್ಲ’ ಎಂಬುದನ್ನು ಗ್ರೂಪಿನಲ್ಲಿ ಹೇಳಬಾರದು. ಐದಾರು ಜನರ ಎದುರು ಯಾರೂ ಹಿಂದೆ ಸರಿಯುವುದಿಲ್ಲ, ಮಿಕ್ಕವರೂ ಪಕ್ಷ ಹಿಡಿಯಬೇಕಾಗುತ್ತದೆ. ಅವಳೊಬ್ಬಳಿಗೇ ಫೋನ್ ಮಾಡಿ ಹೇಳಿ, ಆಮೇಲೆ ಒಪ್ಪಿದ್ದನ್ನು ಎರಡು ಸಾಲಿನ ಮೆಸೇಜಾಗಿ ಕಳಿಸುವುದು ಒಳ್ಳೆಯದು. ಮದುವೆ ಗಲಾಟೆಯಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ಅತ್ತರೆ ಅಳಲಿ, ಸಮಾಧಾನ ಮಾಡಿ, ಆದರೆ ಆ ಗಳಿಗೆಯಲ್ಲಿ ಹೊಸ ಕೆಲಸ ಒಪ್ಪಿಕೊಳ್ಳಬೇಡಿ. ನಾಳೆ ಮಾತಾಡೋಣ ಅಂದರೆ ಸಾಕು.

ಇಷ್ಟಾಗಿಯೂ ಅದೇ ಗೆರೆಯನ್ನು ಮೂರನೇ ಸಲ ದಾಟಿದರೆ, ಬ್ರೈಡ್ಸ್‌ಮೇಡ್ ಸ್ಥಾನ ಬಿಟ್ಟು ಅತಿಥಿಯಾಗಿ ಬರುತ್ತೇನೆ ಎಂದು ಹೇಳುವುದೂ ಒಂದು ದಾರಿ. ಆ ಮಾತನ್ನು ಬೆದರಿಕೆಯಾಗಿ ಬಳಸಬಾರದು. ಹೇಳಿದ ದಿನವೇ ಕೈಯಲ್ಲಿದ್ದ ಕೆಲಸಗಳ ಪಟ್ಟಿ ಒಪ್ಪಿಸುತ್ತೇನೆ: ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಯಾರ ನಂಬರ್ ಯಾವುದು, ಏನು ಬಾಕಿ. ಡ್ರೆಸ್ಸಿನ ದುಡ್ಡು ವಾಪಸ್ ಕೇಳುವುದಿಲ್ಲ.